ಬೇರೆ ಒಲೆ ಹೂಡಿದವಳು

ನನ್ನ ಬಾಯಿ ಕೆಟ್ಟದ್ದು ಅಂತ ಈ ಕಣಿವೇಲಿ ಎಲ್ಲರೂ ಹೇಳ್ತಾರೆ. ಹೇಳಿಕೊಳ್ಳಲಿ. ಈ ಕೆಟ್ಟ ಬಾಯಿ ಇಟ್ಟುಕೊಂಡೇ ಮೂವತ್ತು ವರ್ಷ ಸೆವ್ಜಿದ್ ಜೊತೆ ಒಂದೇ ಗೆರ್‌ನಲ್ಲಿ, ಅಂದರೆ ನಮ್ಮ ಉಣ್ಣೆಹಾಸಿನ ಗುಂಡು ಗುಡಾರದಲ್ಲಿ, ಬಾಳಿದೀನಿ, ಒಂದೇ ಒಲೆ ಮುಂದೆ ಉಂಡಿದೀನಿ. ಗಂಡನ ಅಕ್ಕನ ಜೊತೆ ಒಂದೇ ಉಣ್ಣೆ ಸೂರಿನ ಕೆಳಗೆ ಅಷ್ಟು ಕಾಲ ಕಳೆದ ಇನ್ನೊಬ್ಬಳನ್ನ ತೋರಿಸಿ, ಆಮೇಲೆ ನನ್ನ ಬಾಯಿ ವಿಷಯ ಮಾತಾಡೋಣ.

ಸೆವ್ಜಿದ್ ಮದುವೆ ಆದವಳಲ್ಲ. ಸರ್ಕಾರದ ಸಂಘ ಇದ್ದು ದನ ಕುರಿ ಎಲ್ಲಾ ಅದರದ್ದೇ ಆಗಿದ್ದ ಕಾಲದಲ್ಲಿ ಸಂಘದ ಹಸು ಕರೆದು ಎರಡು ಪದಕ ತಗೊಂಡಳು, ಅವನ್ನ ಪೆಟ್ಟಿಗೆ ತಳಕ್ಕೆ ಹಾಕಿ ಮರೆತಳು. ಸಂಘ ಒಡೆದು ದನ ಕುರಿ ಹಂಚಿಹೋದಾಗ ತನ್ನ ಪಾಲಿಗೆ ಬಂದದ್ದನ್ನ ಹೊಡೆದುಕೊಂಡು ಬಂದು ನಮ್ಮ ಮಂದೆಗೇ ಬಿಟ್ಟಳು. ಅವಳ ತಮ್ಮ, ಅಂದರೆ ನನ್ನ ಗಂಡ ಗೊಂಚಿಗ್, ಮಾತಾಡೋ ಪೈಕಿ ಅಲ್ಲ. ದಿನಕ್ಕೆ ನಾಕು ಮಾತಾಡಿದರೆ ಅದರಲ್ಲಿ ಮೂರು ಕುದುರೆಗೆ. ಹಾಗಾಗಿ ನಮ್ಮ ಗೆರ್‌ನಲ್ಲಿ ಮಾತು ಅಂದರೆ ನಾನು ಮತ್ತೆ ಸೆವ್ಜಿದ್. ಬೆಳಿಗ್ಗೆ ಚಹಾಕ್ಕೆ ಉಪ್ಪು ಹೆಚ್ಚಾಯ್ತು ಅಂತ ಶುರುವಾದರೆ ದೀಪ ಆರಿಸೋವರೆಗೂ ನಡೀತಿತ್ತು. ಜಗಳ ಅಂತ ನೋಡಿದವರು ಅಂದುಕೊಳ್ಳೋರು. ನಮಗೆ ಅದು ಉಸಿರಾಟ.

ಆ ವರ್ಷ ಬೇಸಿಗೆ ಮುಗಿಯೋ ಹೊತ್ತಿಗೆ ಅವಳು ಪಟ್ಟಣದ ಆಸ್ಪತ್ರೆಯಿಂದ ಲಾರಿ ಹಿಂದೆ ಹಿಟ್ಟಿನ ಮೂಟೆ ಮೇಲೆ ಕೂತು ವಾಪಸ್ ಬಂದಳು. ಇಳಿಸಿಕೊಂಡಾಗ ತೋಳು ಹಿಡಿದರೆ ನಿಲುವಂಗಿ ಒಳಗೆ ಬರೀ ಮೂಳೆ ಸಿಕ್ಕಿತು.

"ಡಾಕ್ಟರ್ ಏನಂದ್ರು?" ಅಂತ ಕೇಳಿದೆ.

"ಮನೆಗೆ ಹೋಗಮ್ಮ, ಇಷ್ಟ ಬಂದದ್ದು ತಿನ್ನು ಅಂದ್ರು."

ಡಾಕ್ಟರು ಇಷ್ಟ ಬಂದದ್ದು ತಿನ್ನು ಅಂದಮೇಲೆ ಇನ್ನೇನು ಕೇಳೋದು? ಗೊಂಚಿಗ್ ಕುದುರೆ ಕಡೆ ತಿರುಗಿ ಜೀನು ಬಿಗಿ ಮಾಡಿದ, ಜೀನು ಸರಿಯಾಗೇ ಇತ್ತು. ನಾನು ಚಹಾ ಕಾಯಿಸೋಕೆ ಒಳಗೆ ಹೋದೆ. ನಮ್ಮಲ್ಲಿ ಅದರ ಹೆಸರು ಹೇಳೋ ಹಾಗಿಲ್ಲ. ಹೆಸರು ಹಿಡಿದು ಕರೆದರೆ ಬರುತ್ತೆ ಅಂತ ಹೆದರಿಕೆ. ಅವಳು ಹೇಳಲಿಲ್ಲ, ನಾವು ಕೇಳಲಿಲ್ಲ, ಎಲ್ಲರಿಗೂ ಗೊತ್ತಾಯ್ತು.

ಮಾರನೇ ದಿನ ಚಹಾ ಬಟ್ಟಲು ಕೆಳಗಿಟ್ಟು ಅಂದಳು, "ಚಳಿ ಬೀಳೋಕೆ ಮುಂಚೆ ನನಗೊಂದು ಗೆರ್ ಆಗಬೇಕು. ನನ್ನದೇ. ಚಿಕ್ಕದು ಸಾಕು."

ನನಗೆ ಮೈಯೆಲ್ಲಾ ಉರಿದು ಹೋಯ್ತು. "ಯಾಕೆ, ಇಲ್ಲಿ ಕಾಲು ಚಾಚೋಕೆ ಜಾಗ ಸಾಲ್ತಿಲ್ವಾ?"

"ಸಾಲ್ತಿಲ್ಲ ಅಂತಲೇ ಇಟ್ಕೋ."

"ಮೂವತ್ತು ವರ್ಷ ಸಾಲ್ತಿತ್ತು. ಈಗ ಕಾಲು ಉದ್ದ ಬೆಳೀತಾ?"

"ಬೆಳೀತು. ನಿನ್ನ ನಾಲಿಗೆ ಬೆಳೆದ ಹಾಗೆ."

"ಕಾಯಿಲೆ ಅಕ್ಕನ್ನ ಆಚೆ ಹಾಕಿದರು ಅಂತ ಜನ ಆಡ್ಕೊಳ್ತಾರೆ. ಅದು ಬೇಕಾ ನಿನಗೆ?"

"ಜನಕ್ಕೇನು, ಹಸು ಕರು ಹಾಕಿದರೂ ಆಡ್ಕೊಳ್ತಾರೆ," ಅಂದು ಅವಳು ಒಲೆಯ ಆ ಕಡೆ ಕೂತಿದ್ದ ಯಾಂಜಿನ್ ಕಡೆ ನೋಡಿದಳು. ಯಾಂಜಿನ್ ನನ್ನ ಮಗಳು. ಅವಳ ಗಂಡ ಮಂದೆ ಹೊಡೆದುಕೊಂಡು ದಕ್ಷಿಣದ ಹುಲ್ಲಿಗೆ ಹೋಗಿದ್ದ. ಅವಳಿಗೆ ಹೊಟ್ಟೆ ಕಾಣಿಸಿಕೊಳ್ತಿತ್ತು, ನಡು ಚಳಿಗಾಲಕ್ಕೆ ಹೆರಿಗೆ. ಸೆವ್ಜಿದ್ ಆ ಹೊಟ್ಟೆ ನೋಡಿದಳು, ನಾನು ಸೆವ್ಜಿದ್‌ಳನ್ನ ನೋಡಿದೆ, ನನಗೆ ಅರ್ಥ ಆಯ್ತು.

ಯಾಕೆ ಅಂದರೆ ಇದು ಮೊದಲನೇ ಬಸುರಲ್ಲ. ನಾಕು ಚಳಿಗಾಲದ ಹಿಂದೆ ನನ್ನ ಅತ್ತೆ, ಅಂದರೆ ಸೆವ್ಜಿದ್ ತಾಯಿ, ನಮ್ಮ ಗೆರ್‌ನಲ್ಲೇ ಕಣ್ಮುಚ್ಚಿದಳು. ಹೋದವರ ಜಾಗದಲ್ಲಿ ಏಳು ವಾರ ಒಲೆ ಹಚ್ಚಬಾರದು, ಗೆರ್ ಕಿತ್ತು ಬೇರೆ ಕಡೆ ಹಾಕಬೇಕು. ಆದರೆ ಕುದುರೆಯ ಹೊಟ್ಟೆ ಮುಟ್ಟೋ ಹಿಮ, ಚಳಿಗಾಲದ ಬೀಡು ಬಿಟ್ಟು ಎಲ್ಲಿಗೆ ಹೋಗೋದು? ಕುರಿ ದೊಡ್ಡಿ ಅಲ್ಲಿ, ಹುಲ್ಲು ಅಲ್ಲಿ. ಅದೇ ಜಾಗದಲ್ಲಿ ಅದೇ ಒಲೆ ಉರಿಸಿಕೊಂಡು ಕೂತ್ವಿ. ತಿಂಗಳು ತುಂಬೋದರೊಳಗೆ ಯಾಂಜಿನ್‌ಳ ಮಗು ಉಸಿರಿಲ್ಲದೆ ಹುಟ್ಟಿತು. ಗಂಡು. ಉಗುರು ಕೂಡ ಬೆಳೆದಿತ್ತು. ಎರಡಕ್ಕೂ ಸಂಬಂಧ ಇದೆಯೋ ಇಲ್ಲವೋ, ನನಗೆ ಒಂದು ದಿನ ಹೌದು ಅನಿಸುತ್ತೆ, ಒಂದು ದಿನ ಇಲ್ಲ ಅನಿಸುತ್ತೆ. ಸೆವ್ಜಿದ್‌ಗೆ ಮಾತ್ರ ಎಂದೂ ಅನುಮಾನ ಇರಲಿಲ್ಲ. ಆ ಮಗುವನ್ನ ಬಟ್ಟೆಯಲ್ಲಿ ಸುತ್ತಿ ಬೆಟ್ಟಕ್ಕೆ ತಗೊಂಡು ಹೋದವಳು ಅವಳೇ.

ಅವಳ ಲೆಕ್ಕ ಇಷ್ಟೇ. ಈ ಮಗು ಹುಟ್ಟೋ ಒಲೆಯ ಮುಂದೆ ತಾನು ಕಣ್ಮುಚ್ಚಬಾರದು. ಅದಕ್ಕೆ ತನ್ನದೊಂದು ಸೂರು ಬೇಕು, ಚಳಿಗೆ ಮುಂಚೆ ಬೇಕು. ಇದನ್ನ ಅವಳು ಬಿಡಿಸಿ ಹೇಳೋ ಹಾಗಿಲ್ಲ, ನಾನು ಬಿಡಿಸಿ ಕೇಳೋ ಹಾಗಿಲ್ಲ. ಜಾಗ ಸಾಲಲ್ಲ, ಕಾಲು ಉದ್ದ ಅಂತ ಜಗಳ ಆಡಿಕೊಂಡೇ ಆ ಗೆರ್ ಕಟ್ಟಿದ್ವಿ.

ಗೋಡೆ ಜಾಲರಿಗೆ ಅವಳೇ ಹೊಳೆದಂಡೆಗೆ ಹೋಗಿ ಬಳುಕೋ ಕೋಲು ಕಡಿದು ತಂದಳು. ಕಡೀತಾಳೆ, ಕೂರ್ತಾಳೆ, ಹೊಟ್ಟೆ ಒತ್ತಿಕೊಂಡು ಉಸಿರು ಬಿಗಿ ಹಿಡೀತಾಳೆ, ಮತ್ತೆ ಕಡೀತಾಳೆ. ನಾನು ಕತ್ತಿ ಕಿತ್ತುಕೊಂಡರೆ, "ಇದು ನನ್ನ ಮನೆ. ನಿನ್ನ ಕೈ ಗುಣ ನನಗೆ ಬೇಡ," ಅಂದಳು. ಸಂಜೆ ಹೊತ್ತು ಕುದುರೆ ಬಾಲದ ಕೂದಲು ತೊಡೆ ಮೇಲೆ ಹಾಕಿಕೊಂಡು ಹಗ್ಗ ಹೊಸೀತಿದ್ದಳು. ಗೊಂಚಿಗ್ ಜಾಲರಿಗೆ ತೂತು ಕೊರೆದು ಹಸಿ ತೊಗಲಿನ ಗಂಟು ಹಾಕಿಕೊಟ್ಟ.

ಮಾಡಿನ ನಡುವೆ ಕೂರೋ ಗುಂಡನೆಯ ಮರದ ಕಿಂಡಿ-ಚಕ್ರ ಇದೆಯಲ್ಲ, ತೋನೋ, ಅದು ಎಲ್ಲಿಂದ ಬರಬೇಕು? ಅತ್ತೆಯ ಕಾಲದ್ದು ಒಂದು ನಮ್ಮ ಹತ್ತಿರವೇ ಇತ್ತು, ಹೊಗೆ ಕುಡಿದು ಕಪ್ಪಗೆ ಮಿಂಚುತಿತ್ತು, ಕಲ್ಲಿನ ಹಾಗೆ ಗಟ್ಟಿ. ತಗೋ ಅಂದೆ. ಬೇಡ ಅಂದಳು. ಸಂಘದ ಹಳೇ ಉಗ್ರಾಣದ ಹಿಂದೆ ಬಿದ್ದಿದ್ದ ಕೆಂಪು ಬಣ್ಣದ, ಅರ್ಧ ಸೀಳಿದ ತೋನೋ ಎತ್ತಿಕೊಂಡು ಬಂದಳು.

"ಅಮ್ಮನ ತೋನೋಗಿಂತ ಈ ಕಸ ಹೆಚ್ಚಾಯ್ತಾ ನಿನಗೆ?"

"ಬಣ್ಣ ಚೆನ್ನಾಗಿದೆ."

"ಬಣ್ಣ ಚೆನ್ನಾಗಿದೆಯಂತೆ. ಮದುಮಗಳು ನೋಡು."

ಬೇರೆ ಗೆರ್ ಯಾಕೆ ಅಂತ ಗೊತ್ತಿತ್ತು, ತೋನೋ ಕೂಡ ಬೇರೆ ಯಾಕೆ ಅಂತ ಮಾತ್ರ ಆಗ ಹೊಳೆಯಲಿಲ್ಲ. ಹಠ ಅಂದುಕೊಂಡೆ. ನನ್ನ ಮನೆ ವಸ್ತು ಒಂದೂ ಮುಟ್ಟಲ್ಲ ಅಂತಾಳಲ್ಲ. ಮೂವತ್ತು ವರ್ಷ ಉಂಡ ಮನೆ ಈಗ ಹೇಸಿಗೆ ಆಯ್ತಾ ಅಂತ ಒಬ್ಬಳೇ ಹಾಲು ಕರೀತಾ ಹಸುವಿನ ಪಕ್ಕೆಗೆ ಹಣೆ ಒತ್ತಿಕೊಂಡು ಅತ್ತೆ.

ಉಣ್ಣೆಹಾಸಿನ ದಿನ ಇನ್ನೂ ಕೆಟ್ಟದಾಯ್ತು. ಕಾರ್ಖಾನೆ ಹಾಸು ಬರೋದು ನಿಂತು ಆಗಲೇ ಎರಡು ವರ್ಷ ಆಗಿತ್ತು, ಎಲ್ಲರೂ ಮತ್ತೆ ಅಜ್ಜಿಯರ ಹಾಗೆ ಕೈಯಲ್ಲೇ ಮಾಡಿಕೊಳ್ಳಬೇಕು. ಹೊಸ ಹಾಸು ಬರಿ ನೆಲದ ಮೇಲೆ ಆಗಲ್ಲ. ಕೆಳಗೆ ಒಂದು ಹಳೇ ಹಾಸು ಬೇಕು, ಅದನ್ನ ತಾಯಿ ಅಂತೀವಿ. ತಾಯಿಯನ್ನ ಒದ್ದೆ ಮಾಡಿ, ಮೇಲೆ ಬಡಿದ ಉಣ್ಣೆ ಪದರ ಪದರವಾಗಿ ಹರಡಿ, ನೀರು ಚಿಮುಕಿಸಿ, ಕಂಬಕ್ಕೆ ಸುತ್ತಿ ಬಿಗಿದು, ಕುದುರೆಗೆ ಕಟ್ಟಿ ಹುಲ್ಲಿನ ಮೇಲೆ ಉರುಳಿಸಬೇಕು. ಬಿಚ್ಚಿದಾಗ ತಾಯಿ ಮೇಲೆ ಮಗಳು ಹುಟ್ಟಿರುತ್ತೆ. ನಮ್ಮ ಗೆರ್‌ನಲ್ಲಿ ಒಳ್ಳೇ ತಾಯಿಹಾಸು ಇತ್ತು. ಸೆವ್ಜಿದ್ ಅದನ್ನ ಕಣ್ಣೆತ್ತಿ ನೋಡಲಿಲ್ಲ. ಹೊಳೆಯ ಆಚೆಯ ಖಂಡ್ ಮುದುಕಿಯ ಹತ್ತಿರ ಎರವಲು ಕೇಳಿದಳು.

ಖಂಡ್ ಹಾಸು ಜೊತೆ ತಾನೂ ಬಂದಳು, ಗಾಡಿಯಲ್ಲಿ ಅದರ ಮೇಲೇ ಕೂತುಕೊಂಡು. ಇಳಿಯೋಕೆ ಮುಂಚೆಯೇ ಶುರು ಮಾಡಿದಳು. "ಏನೇ ಸೆವ್ಜಿದ್, ನಿಮ್ಮ ಮನೇಲಿ ತಾಯಿ ಇಲ್ವಾ? ತಮ್ಮನ ಹೆಂಡ್ತಿ ಸಾರು ಮಾಡಿ ಕುಡಿದುಬಿಟ್ಟಳಾ?"

"ನಿನ್ನದು ದಪ್ಪ ಅಂತ ಕೇಳಿದೆ ಅಜ್ಜಿ."

"ದಪ್ಪ ಇಲ್ಲದೆ ಇನ್ನೇನು. ನಾನು ಇಷ್ಟು ವರ್ಷ ಕೂತಿರೋದು ಅದರ ಮೇಲೇ."

ಎಲ್ಲರೂ ನಕ್ಕರು. ಕುರಿಮರಿ ಉಣ್ಣೆ ತೆಳು ಕೋಲಿನಲ್ಲಿ ಬಡಿಯೋಕೆ ನಾಕು ಮನೆ ಹೆಂಗಸರು ಬಂದಿದ್ದರು. ಉಣ್ಣೆ ಹಾರಿ ಎಲ್ಲರ ಹುಬ್ಬೂ ಬಿಳಿಯಾಗಿತ್ತು. ಯಾಂಜಿನ್ ಶುಭವಾಗಲಿ ಅಂತ ಹಾಲು ಚಿಮುಕಿಸಿದಳು. ಗೊಂಚಿಗ್ ಇಡೀ ಮಧ್ಯಾಹ್ನ ಕುದುರೆ ಮೇಲೆ ಕೂತು ಉರುಳೆ ಎಳೆದ. ಬಿಚ್ಚಿದಾಗ ಹಾಸು ಚೆನ್ನಾಗಿ ಕೂಡಿಕೊಂಡಿತ್ತು, ಆದರೆ ಒಂದು ಅಂಚಿನಲ್ಲಿ ಮಗಳು ತಾಯಿಗೆ ಅಂಟಿಬಿಟ್ಟಿತ್ತು. ಎಳೆದರೆ ಬರಲಿಲ್ಲ.

"ನೋಡು, ನಮ್ಮ ಮುದುಕಿ ಮಗಳನ್ನ ಕಳಿಸಲ್ಲ ಅಂತಾಳೆ," ಅಂದಳು ಖಂಡ್. "ಬಿಡೇ, ಆ ಕಡೆ ಜೋಡಿ ಹಾಸು ಇದ್ದ ಹಾಗೇ ಹಾಕ್ಕೋ. ಬೆಚ್ಚಗಿರುತ್ತೆ. ನನಗೆ ಕೊಡೋದೇನೂ ಬೇಡ."

"ಬೇಡ ಅಜ್ಜಿ. ಬಿಡಿಸ್ತೀನಿ."

"ಹಠ ಯಾಕೆ ನಿನಗೆ?"

"ಯಾರದ್ದೂ ಯಾರಿಗೂ ಅಂಟಿಕೊಂಡಿರಬಾರದು," ಅಂದಳು ಸೆವ್ಜಿದ್. ಜನ ಊಟ ಮಾಡಿ ಹೊರಟರೂ ಅವಳು ಅಲ್ಲೇ ಕೂತು ಮೊಂಡು ಚಾಕುವಿನಲ್ಲಿ ಎಳೆ ಎಳೆ ಬಿಡಿಸಿದಳು. ಆದರೂ ಒಂದು ಅಂಗೈಯಗಲ ಕಂದು ಉಣ್ಣೆ ಮಗಳ ಮೇಲೆ ಉಳಿಯಿತು. ಅದನ್ನ ಉಗುರಿನಿಂದ ಕೆರೀತಾ ಇದ್ದಳು, ಕತ್ತಲಾಗೋವರೆಗೂ.

ಚಳಿಗಾಲದ ಬೀಡಿಗೆ ಹೊರಡೋ ಹಿಂದಿನ ದಿನ ಅವಳ ಎದೆಯ ಹತ್ತಿರ ನಿಲುವಂಗಿ ಒಳಗೆ ಏನೋ ಗಿಲಿಗಿಲಿ ಸದ್ದಾಯ್ತು. ಬೆಂಕಿಪೊಟ್ಟಣ. ಲಾರಿ ಡ್ರೈವರ್ ಹತ್ತಿರ ಈಸಿಕೊಂಡದ್ದು.

"ಇದ್ಯಾಕೆ?"

"ಒಲೆ ಹಚ್ಚೋಕೆ."

ಮನೆಯಿಂದ ಒಬ್ಬರು ಬೇರೆ ಗೆರ್ ಹಾಕಿದರೆ ಹಿರೀ ಒಲೆಯಿಂದ ಕೆಂಡ ಹೋಗಬೇಕು, ಮನೆ ಯಜಮಾನ ಕೈಯಾರೆ ಒಯ್ದು ಇಡಬೇಕು. ಕಡ್ಡಿ ಗೀರಿ ಹಚ್ಚಿಕೊಳ್ಳೋರು ಹಿಂದೆ ಮುಂದೆ ಯಾರೂ ಇಲ್ಲದವರು. "ನೀನೇನು ದಿಕ್ಕಿಲ್ಲದವಳಾ?" ಅಂದೆ.

ಸೆವ್ಜಿದ್ ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಅವಳು ಹಾಗೆಲ್ಲ ಮಾಡೋಳಲ್ಲ. "ಹುಚ್ಚಿ, ಕೇಳು. ನಿಮ್ಮ ಒಲೆ ಕೆಂಡ ನನ್ನ ಒಲೆಗೆ ಬಂದ್ರೆ ಎರಡೂ ಒಂದೇ ಒಲೆ. ಗೋಡೆ ಬೇರೆ, ಬಾಗಿಲು ಬೇರೆ ಆಗಿ ಏನು ಬಂತು? ನಾನು ಹೊರಡೋ ಹೊತ್ತಿಗೆ ಯಾಂಜಿನ್ ಪಕ್ಕದಲ್ಲೇ ಮಲಗಿದ ಹಾಗೆ ಅದು. ತೋನೋ ಬೇರೆ, ಹಾಸು ಬೇರೆ, ಬೆಂಕಿ ಬೇರೆ. ಆಗ ನನಗೆ ನೆಮ್ಮದಿ. ನಿನ್ನ ಮನೆ ಮೇಲೆ ನನಗೆ ಸಿಟ್ಟಿದೆ ಅಂದ್ಕೊಂಡ್ಯಾ?"

ಹೌದು, ಅಂದುಕೊಂಡಿದ್ದೆ. ಅವಳ ಕೈ ತಿಕ್ಕುತಾ ಕೂತೆ. ಬಾಗಿಲ ಹತ್ತಿರ ಗೊಂಚಿಗ್ ಲಗಾಮು ಹೊಲೀತಿದ್ದ. ತಲೆ ಎತ್ತಲಿಲ್ಲ.

ಬೀಡಿಗೆ ಹೋಗಿ ನಮ್ಮ ಗೆರ್ ಎಬ್ಬಿಸಿದ ಮಾರನೇ ದಿನ ಅವಳದ್ದು ಎಬ್ಬಿಸಿದ್ವಿ. ಆಕಾಶ ಕೆಳಗೆ ಇಳಿದು ಬೂದಿ ಬಣ್ಣಕ್ಕಿತ್ತು, ಹಿಮ ಇನ್ನೂ ಶುರುವಾಗಿರಲಿಲ್ಲ. ನಮ್ಮ ಪಕ್ಕ ಬೇಡ ಅಂತ ದೊಡ್ಡ ಬಂಡೆಯ ಆಚೆ ತಗ್ಗಿನಲ್ಲಿ ಜಾಗ ನೋಡಿಕೊಂಡಳು. ಕೂಗಿದರೆ ಕೇಳಿಸುವಷ್ಟು ದೂರ. ಖಂಡ್ ಮುದುಕಿಯ ಇಬ್ಬರು ಗಂಡುಮಕ್ಕಳು ಬಂದು ಜಾಲರಿ ಬಿಚ್ಚಿ ನಿಲ್ಲಿಸಿದರು, ಗೊಂಚಿಗ್ ನಡುವೆ ನಿಂತು ತೋನೋ ಎತ್ತಿ ಹಿಡಿದ, ಉಳಿದವರು ಸೂರಿನ ಕೋಲು ಸಿಕ್ಕಿಸಿದರು. ಹಾಸು ಹೊದಿಸಿ ಕುದುರೆಕೂದಲ ಹಗ್ಗ ಬಿಗಿದಾಗ ಕಂದು ಮಚ್ಚೆ ಬಾಗಿಲ ಮೇಲೆಯೇ ಬಂತು.

"ಎಲ್ಲರಿಗೂ ಕಾಣೋ ಕಡೇನೇ ಬಂತಲ್ಲ," ಅಂದಳು ಸೆವ್ಜಿದ್. ಆದರೂ ಅವಳ ಮುಖ ಅರಳಿತ್ತು. ಒಳಗೆ ಹೋಗಿ ಸುತ್ತ ಕೈಯಾಡಿಸಿಕೊಂಡು ಬಂದು ನನ್ನ ಹೆಸರು ಹಿಡಿದು ಕರೆದಳು. "ಗರಾವ್, ನೋಡೇ. ಅರವತ್ತು ತುಂಬೋ ಹೊತ್ತಿಗೆ ನನಗೂ ಮನೆ ಆಯ್ತು."

"ಬಾಗಿಲು ಗಿಡ್ಡ," ಅಂದೆ ನಾನು.

"ನೀನು ಒಳಗೆ ಬರ್ತಾ ತಲೆ ತಗ್ಗಿಸಲಿ ಅಂತಲೇ ಮಾಡಿಸಿದ್ದು."

ಕಬ್ಬಿಣದ ಪುಟ್ಟ ಒಲೆ ಒಳಗಿಟ್ಟು ಕೊಳವೆ ತೋನೋದಿಂದ ಆಚೆ ತೂರಿಸಿದ್ದಾಯ್ತು. ಗಂಡಸರು ನಮ್ಮ ಗೆರ್‌ಗೆ ಮಾಂಸದ ಸಾರು ಕುಡಿಯೋಕೆ ಹೋದರು. ಒಳಗೆ ನಾವಿಬ್ಬರೇ. ಅವಳು ಮಂಡಿಯೂರಿ ಒಲೆಗೆ ಮರದ ಸಿಪ್ಪೆ ಹಾಕಿದಳು, ಮೇಲೆ ಬೆರಣಿ ಚೂರು ಮಾಡಿ ಜೋಡಿಸಿದಳು, ನಿಧಾನವಾಗಿ, ಗೊಂಬೆಮನೆ ಆಡೋ ಹುಡುಗಿ ಥರ. ಎದೆಗೆ ಕೈ ಹಾಕಿ ಬೆಂಕಿಪೊಟ್ಟಣ ತೆಗೆದಳು.

ಆಗ ಗೊಂಚಿಗ್ ಆ ಗಿಡ್ಡ ಬಾಗಿಲಲ್ಲಿ ಬಗ್ಗಿ ಒಳಗೆ ಬಂದ.

ಹಬ್ಬದ ನಿಲುವಂಗಿ ಹಾಕಿ, ಸೊಂಟಕ್ಕೆ ಪಟ್ಟಿ ಬಿಗಿದು, ಟೋಪಿ ಇಟ್ಟಿದ್ದ. ಎರಡೂ ಕೈಯಲ್ಲಿ ಕಬ್ಬಿಣದ ದೊಡ್ಡ ಸೌಟು. ಅದರ ತುಂಬ ನಮ್ಮ ಒಲೆಯ ಕೆಂಡ. ಗಾಳಿಗೆ ಆರದ ಹಾಗೆ ಎದೆಗೆ ಹತ್ತಿರ ಹಿಡಿದುಕೊಂಡು ಬಂದಿದ್ದ, ನಿಲುವಂಗಿ ಮುಂದೆ ಸುಟ್ಟ ವಾಸನೆ. ನಾನು ಬಾಯಿ ತೆರೆಯೋದರೊಳಗೆ ಅವಳ ಪಕ್ಕ ಕೂತು ಕೆಂಡ ಒಲೆಗೆ ಸುರಿದ. ಸಿಪ್ಪೆ ಭಗ್ ಅಂತ ಹತ್ತಿಕೊಂಡಿತು.

"ಅಕ್ಕಾ," ಅಂದ, "ನಿನ್ನ ಒಲೆ ಆರದಿರಲಿ."

ಅವನ ಬಾಯಿಂದ ಅಷ್ಟು ಉದ್ದದ ಮಾತು ಬಂದು ವರ್ಷ ಆಗಿತ್ತು. ಹೇಳಿ, ಬುಟ್ಟಿಯಲ್ಲಿದ್ದ ಬೆರಣಿ ಒಂದೊಂದಾಗಿ ಒಲೆಯ ಬಾಯಿ ತುಂಬೋವರೆಗೂ ತುರುಕಿದ. ಸೆವ್ಜಿದ್ ಬೆಂಕಿಪೊಟ್ಟಣವನ್ನ ಮಡಿಲಲ್ಲಿ ಮುಚ್ಚಿಟ್ಟುಕೊಂಡಳು. ತಮ್ಮನ ತಲೆ ಮೇಲೆ ಕೈ ಇಟ್ಟಳು, ಟೋಪಿ ಸರಿ ಮಾಡಿದಳು. ಅವನು ಎದ್ದು ಹೋದ ಮೇಲೆ ಅವಳ ಮುಖ ನೋಡಿದೆ. ಬಣ್ಣ ಎಲ್ಲಾ ಇಳಿದು ಹೋಗಿತ್ತು.

"ಏನು ಮಾಡಿಬಿಟ್ಟ ನೋಡೇ," ಅಂದಳು ಮೆಲ್ಲಗೆ.

ನಾನು ಓಡಿಹೋಗಿ ಅವನನ್ನ ಬಂಡೆ ಹತ್ತಿರ ಹಿಡಿದೆ. "ಅಲ್ಲಾ ಮಾರಾಯ, ಮೊನ್ನೆ ಅವಳು ಹೇಳಿದ್ದು ನಿನ್ನ ಕಿವಿಗೆ ಬೀಳಲಿಲ್ವಾ? ಅಲ್ಲೇ ಕಲ್ಲಿನ ಹಾಗೆ ಕೂತಿದ್ಯಲ್ಲ."

"ಬಿತ್ತು."

"ಬಿತ್ತು? ಬಿದ್ದೂ ಹೀಗೆ ಮಾಡಿದ್ಯಾ?"

ಅವನು ಖಾಲಿ ಸೌಟನ್ನ ಹಿಂದೆ ಮುಂದೆ ತಿರುಗಿಸಿದ. "ಕಡ್ಡಿ ಗೀರಿ ಒಲೆ ಹಚ್ಕೊಳ್ಳೋಕೆ ಅವಳೇನು ಪರದೇಸಿನಾ," ಅಂದ. "ನಾನು ಬದುಕಿದೀನಿ ಇನ್ನೂ."

ಏನು ಬೈಯಬೇಕು ಇಂಥವನಿಗೆ?

ಬೇರೆಯವರಾಗಿದ್ದರೆ ಒಂದು ಚೊಂಬು ನೀರು ಸುರಿದು ಕೆಲಸ ಮುಗಿಸೋರು. ನಮ್ಮಲ್ಲಿ ಒಲೆಗೆ ನೀರು ಹಾಕೋದು ಅಂದರೆ ಹೆತ್ತವಳ ಮುಖಕ್ಕೆ ಉಗಿದ ಹಾಗೆ. ಕೆಂಡ ಆಚೆ ಎಸೆಯೋ ಹಾಗಿಲ್ಲ, ತುಳಿಯೋ ಹಾಗಿಲ್ಲ. ಹಚ್ಚಿದ ಬೆಂಕಿ ತಾನಾಗಿ ಆರಬೇಕು. ವಾಪಸ್ ಹೋಗಿ ನೋಡಿದರೆ ಸೆವ್ಜಿದ್ ಒಲೆಯಿಂದ ದೂರ ಕೂತು ಬೆರಣಿ ಬುಟ್ಟಿಯನ್ನ ಬಾಗಿಲಾಚೆ ಇಟ್ಟಿದ್ದಳು. ಹೊರಗೆ ಹಿಮ ಶುರುವಾಗಿತ್ತು.

"ಆರಲಿ," ಅಂದಳು. "ಪೂರ್ತಿ ಆರಲಿ. ಬೂದಿ ತೆಗೆದು ಆಮೇಲೆ ನಾನು ಹಚ್ತೀನಿ."

"ಅವನು ತುರುಕಿರೋದು ನೋಡಿದೀಯಾ? ಬೆಳಗಿನವರೆಗೂ ಕೆಂಡ ಇರುತ್ತೆ. ಮಧ್ಯೆ ಬೆರಣಿ ಹಾಕದೆ ಇದ್ರೆ ನೀನು ಹೆಪ್ಪುಗಟ್ತೀಯ. ಬಾ, ಇವತ್ತು ನಮ್ಮಲ್ಲಿ ಮಲಗು. ನಾಳೆ ಬಂದು ಹಚ್ಚು."

"ಹೊಸ ಒಲೇನ ಒಂಟಿ ಬಿಟ್ಟು ಬರಬಾರದು. ಅಷ್ಟೂ ಗೊತ್ತಿಲ್ವಾ ನಿನಗೆ? ಅಲ್ಲಿ ಮಲಗಿ ಏನಾದ್ರೂ ಹೆಚ್ಚುಕಮ್ಮಿ ಆದ್ರೆ?"

"ಹಾಗಾದ್ರೆ ನಾನು ಇಲ್ಲೇ ಇರ್ತೀನಿ."

"ಇದ್ರೆ ನಾನು ಕಣ್ಣು ಮುಚ್ಚಿದ ಕೂಡಲೇ ಬೆರಣಿ ಹಾಕ್ತೀಯ. ನಿನ್ನ ಕೈ ನನಗೆ ಗೊತ್ತಿಲ್ವಾ? ಹೋಗು. ಯಾಂಜಿನ್ ಹತ್ತಿರ ಹೆಂಗಸರು ಯಾರೂ ಇಲ್ಲ."

ಅದು ನಿಜ. ಇದ್ದಿದ್ದರೆ ಹಾಕಿಯೇ ಹಾಕ್ತಿದ್ದೆ. ನಮ್ಮಲ್ಲಿದ್ದ ತುಪ್ಪಳದ ಕೋಟುಗಳೆಲ್ಲಾ ತಂದು ಅವಳಿಗೆ ಹೊದಿಸಿದೆ. ಬಿಸಿ ಚಹಾ ಫ್ಲಾಸ್ಕಿನಲ್ಲಿ ತುಂಬಿ ಕೈಗೆ ಎಟುಕೋ ಹಾಗೆ ಇಟ್ಟೆ. ಬೈದೆ, ಅತ್ತೆ, ಮತ್ತೆ ಬೈದೆ. ಅವಳು ಕೋಟಿನೊಳಗಿಂದ ಮೂಗು ಮಾತ್ರ ಕಾಣಿಸಿಕೊಂಡು, "ಚಹಾಕ್ಕೆ ಉಪ್ಪು ಹೆಚ್ಚು," ಅಂದಳು. ಇನ್ನೂ ಕುಡಿದೇ ಇರಲಿಲ್ಲ.

ನಮ್ಮ ಬಾಗಿಲಲ್ಲಿ ನಿಂತರೆ ಬಂಡೆ ಮೇಲಿಂದ ಅವಳ ಕೊಳವೆಯ ತುದಿ ಕಾಣ್ತಿತ್ತು. ಸಂಜೆ ಇಡೀ ನಾನು ಒಳಗೆ ಹೊರಗೆ ಓಡಾಡಿದೆ. ದಪ್ಪಗಿದ್ದ ಹೊಗೆ ತೆಳ್ಳಗಾಯ್ತು. ಆಮೇಲೆ ಹಿಮ ಜೋರಾಗಿ ಏನೂ ಕಾಣದ ಹಾಗಾಯ್ತು. ಗೊಂಚಿಗ್ ಹಬ್ಬದ ನಿಲುವಂಗಿ ಬಿಚ್ಚದೆ ಒಲೆ ಮುಂದೆ ಕೂತೇ ಇದ್ದ.

ಬೆಳಕು ಹರಿಯುತ್ತಲೂ ಹೋದೆ. ಹಿಮ ನಿಂತಿತ್ತು. ಕೊಳವೆಯಲ್ಲಿ ಹೊಗೆ ಇರಲಿಲ್ಲ. ಆ ಗಿಡ್ಡ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಹೋದೆ. ಹೊರಗಡೆಗಿಂತ ಒಳಗೇ ಹೆಚ್ಚು ಚಳಿ ಇತ್ತು ಅನಿಸಿತು.

ಹಳೇ ಬೂದಿ ಪೂರ್ತಿ ಬಳಿದು ಒಂದು ಡಬ್ಬಕ್ಕೆ ತುಂಬಿ ಪಕ್ಕಕ್ಕಿಟ್ಟಿದ್ದಳು. ಒಲೆ ಒಳಗೆ ಹೊಸ ಸಿಪ್ಪೆ, ಅದರ ಮೇಲೆ ಬೆರಣಿ ಚೂರು, ಅಚ್ಚುಕಟ್ಟಾಗಿ ಜೋಡಿಸಿತ್ತು. ಅವಳು ಒಲೆಗೆ ಒರಗಿ ಕೂತಿದ್ದಳು. ಎಡಗೈಯಲ್ಲಿ ಬೆಂಕಿಪೊಟ್ಟಣ. ಬಲಗೈಯಲ್ಲಿ ಒಂದು ಕಡ್ಡಿ, ಹೊರಗೆ ತೆಗೆದದ್ದು. ಗೀರಿರಲಿಲ್ಲ.

ನಾನು ಅವಳ ಮುಂದೆ ಕೂತು, "ಅಕ್ಕಾ, ಇಷ್ಟು ಮಾಡಿ ಇದೊಂದು ಆಗಲಿಲ್ವಾ ನಿನಗೆ," ಅಂತ ಬೈದೆ. ವಾಪಸ್ ಬೈಗುಳ ಬರಲಿಲ್ಲ.

ಲಾಮಾ ಬಂದದ್ದು ಮಧ್ಯಾಹ್ನ, ಕುದುರೆ ಮೇಲೆ ಹಿಮ ಕೆದರಿಕೊಂಡು. ವಯಸ್ಸಾದವರು, ಒಳ್ಳೆಯವರು. ಮೊದಲು ಕೇಳಿದ್ದು ಅದೇ, "ಒಲೆ ಉರೀತಿತ್ತಾ?"

"ಇಲ್ಲ. ಬೂದಿ ಕೂಡ ತೆಗೆದಾಗಿತ್ತು."

"ಯಾರ ಬೆಂಕಿ?"

ಗೊಂಚಿಗ್ ನೆಲ ನೋಡಿದ. ನಾನೇ ಎಲ್ಲಾ ಹೇಳಿದೆ. ಅವರು ಜಪಮಣಿ ಒಂದು ಸುತ್ತು ಎಣಿಸಿದರು. ಆಮೇಲೆ ಅಂದರು, "ನಿಮ್ಮ ಬೆಂಕಿ ಆರಿಹೋಗಿತ್ತು, ಅವಳ ಬೆಂಕಿ ಹಚ್ಚಿರಲಿಲ್ಲ. ಒಲೆ ಇಲ್ಲ ಅಂದಮೇಲೆ ಅದು ಮನೆ ಅಲ್ಲಮ್ಮ, ಬರೀ ಕೋಲು ಮತ್ತೆ ಉಣ್ಣೆ. ಬಯಲಲ್ಲಿ ಹೋದ ಹಾಗೆ ಲೆಕ್ಕ. ನಿಮ್ಮ ಒಲೆಗೆ ಏನೂ ತಾಗಲ್ಲ. ಹುಡುಗಿ ಹೆದರಬೇಕಾಗಿಲ್ಲ."

ಸಮಾಧಾನ ಆಗಲಿ ಅಂತ ಹೇಳಿದ್ದು. ಯಾಂಜಿನ್ ಹೊಟ್ಟೆ ಮೇಲೆ ಕೈ ಇಟ್ಟುಕೊಂಡು ಬಿಕ್ಕಿ ಬಿಕ್ಕಿ ಅತ್ತಳು, "ಅತ್ತೆ, ಅತ್ತೆ" ಅಂತ. ನನಗೆ ಒಂದೇ ಮಾತು ಕಿವಿಯಲ್ಲಿ ಉಳಿಯಿತು. ಬಯಲಲ್ಲಿ ಹೋದ ಹಾಗೆ. ಕೋಲು ಕಡಿದು, ಹಗ್ಗ ಹೊಸೆದು, ಎಳೆ ಎಳೆ ಬಿಡಿಸಿ ಕಟ್ಟಿಕೊಂಡದ್ದು ಮನೆ ಅಲ್ಲವಂತೆ.

ಅವಳನ್ನ ಬೆಟ್ಟಕ್ಕೆ ಹೊತ್ತೊಯ್ದರು. ಗೆರ್‌ನ ಬಾಗಿಲು ಹಗ್ಗದಿಂದ ಕಟ್ಟಿ ಹಾಗೇ ಬಿಟ್ಟೆವು. ಗಾಳಿಗೆ ಅದರ ಒಂದು ಮಗ್ಗುಲಿಗೆ ಹಿಮ ಏರಿತು, ಕುರಿಗಳು ಇನ್ನೊಂದು ಮಗ್ಗುಲಿಗೆ ಮೈ ಒತ್ತಿ ನಿಲ್ಲೋಕೆ ಕಲಿತವು. ಗೊಂಚಿಗ್‌ನ ನಾಕು ಮಾತೂ ನಿಂತುಹೋಯ್ತು. ಕುದುರೆಗೂ ಇಲ್ಲ. ಸೌಟನ್ನ ಎಲ್ಲಿ ಎಸೆದನೋ, ನಾನು ಕೇಳಲಿಲ್ಲ.

ಅತಿ ಚಳಿಯ ದಿನಗಳಲ್ಲಿ ಯಾಂಜಿನ್ ಹೆತ್ತಳು. ಹೆಣ್ಣು. ಹುಟ್ಟುತ್ತಲೇ ಗೆರ್ ಕಿತ್ತು ಹೋಗೋ ಹಾಗೆ ಕಿರುಚಿತು. ಯಾಂಜಿನ್ ನಕ್ಕಳು, ದಕ್ಷಿಣದಿಂದ ವಾಪಸ್ ಬಂದಿದ್ದ ಅವಳ ಗಂಡ ನಕ್ಕ. ನನಗೂ ಸಂತೋಷ ಆಗಲಿಲ್ಲ ಅಂತಲ್ಲ. ಮಗುವನ್ನ ತೊಳೆದು ಸುತ್ತಿ ಎದೆಗೆ ಹಾಕಿಕೊಂಡೆ. ತಿರುಗಿ ತೋರಿಸೋಣ ಅಂದರೆ ಒಲೆಯ ಆ ಕಡೆ ಅವಳ ಜಾಗ ಖಾಲಿ ಇತ್ತು. ಸಿಟ್ಟು ಬಂತು. ಯಾರ ಮೇಲೆ ಅಂತ ನನಗೇ ಗೊತ್ತಿಲ್ಲ.

ಸೆವ್ಜಿದ್ ಹೋಗಿ ಏಳು ವಾರ ಕಳೆಯಿತು. ಇನ್ನು ಬಿಚ್ಚಬಹುದು, ಯಾರಿಗಾದರೂ ಕೊಟ್ಟುಬಿಡಿ ಅಂತ ಲಾಮಾ ಹೇಳಿ ಕಳಿಸಿದರು. ಖಂಡ್ ಮುದುಕಿಯ ಕಿರಿಯ ಮಗನಿಗೆ ಅಂತ ಆಯ್ತು. ಬಿಚ್ಚೋ ದಿನ ಬೆಳಿಗ್ಗೆ ಗೊಂಚಿಗ್ ನನ್ನ ಮುಂದೆ ಬಂದು ನಿಂತ, ಮುಷ್ಟಿ ಬಿಚ್ಚಿದ. ಬೆಂಕಿಪೊಟ್ಟಣ. ಅದರ ಮೇಲೆ ಆ ಒಂಟಿ ಕಡ್ಡಿ. ಅಷ್ಟು ದಿನ ಎದೆಯ ಹತ್ತಿರ ಇಟ್ಟುಕೊಂಡಿದ್ದ.

"ಏನು?" ಅಂದೆ. ಗೊತ್ತಾಗಿತ್ತು, ಆದರೂ ಕೇಳಿದೆ.

ಬಂಡೆ ಕಡೆ ತಲೆ ಆಡಿಸಿದ.

"ಮಗು ಇದೆ ಮನೇಲಿ. ಏನಾದ್ರೂ ತಾಗಿದ್ರೆ?"

"ಇದು ಬೇರೆ ಒಲೆ," ಅಂದ. ಗಂಟಲು ತುಕ್ಕು ಹಿಡಿದ ಬೀಗದ ಹಾಗೆ ಕಿರುಗುಟ್ಟಿತು. "ಅಕ್ಕನದು."

ಇಬ್ಬರೂ ಹೋದೆವು. ಹಗ್ಗ ಬಿಚ್ಚಿ ಅವನು ಒಳಗೆ ಬಗ್ಗಿದ, ನಾನು ಬಾಗಿಲಲ್ಲಿ ನಿಂತೆ. ಅವಳು ಜೋಡಿಸಿದ್ದು ಹಾಗೇ ಇತ್ತು, ಒಂದು ಸಿಪ್ಪೆಯೂ ಜರುಗಿರಲಿಲ್ಲ. ಗೊಂಚಿಗ್ ಆ ಕಡ್ಡಿ ಗೀರಿದ. ಹತ್ತಲಿಲ್ಲ. ಮತ್ತೆ ಗೀರಿದ. ತಲೆ ಉದುರಿಹೋಯ್ತು, ಎದೆಯ ಬೆವರಿಗೆ ನೆಂದಿತ್ತೋ ಏನೋ. ಆ ಬರಿ ಕಡ್ಡಿ ಹಿಡಿದುಕೊಂಡು ನನ್ನ ಕಡೆ ನೋಡಿದ, ಮುಖ ಅಳೋ ಹಾಗಾಗಿತ್ತು.

"ಪೊಟ್ಟಣದಲ್ಲಿ ಬೇರೆ ಕಡ್ಡಿ ಇಲ್ವಾ?" ಅಂದೆ. "ಎಲ್ಲಾ ಅವಳದ್ದೇ. ಗೀರು. ಗಾಳಿಗೆ ಬೆನ್ನು ಮಾಡಿ ಗೀರು."

ಎರಡನೇದು ಹತ್ತಿತು. ಸಿಪ್ಪೆ ಸುರುಳಿ ಸುತ್ತಿ ಉರಿಯಿತು, ಬೆರಣಿಗೆ ತಾಗಿತು. ನಾವು ಒಳಗೆ ಕೂರಲಿಲ್ಲ. ಬಾಗಿಲು ಮುಚ್ಚಿ ಹೊರಗೆ ಬಂದು ಹಿಮದಲ್ಲಿ ನಿಂತೆವು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕೊಳವೆಯಿಂದ ನೂಲಿನೆಳೆ ಹಾಗೆ ಶುರುವಾಗಿ ದಪ್ಪಗೆ ಮೇಲೆ ಎದ್ದಿತು.

"ಅಕ್ಕನ ಮನೇಲಿ ಹೊಗೆ ಏಳ್ತಿದೆ ನೋಡು," ಅಂದ ಗೊಂಚಿಗ್.

"ಕಾಣ್ತಿದೆ," ಅಂದೆ. "ನಾನೇನು ಕುರುಡೀನಾ."

ಅದು ತಾನಾಗಿ ಆರೋವರೆಗೂ ಅಲ್ಲೇ ನಿಂತಿದ್ದೆವು. ಆಮೇಲೆ ಗೆರ್‌ನ ಹಗ್ಗ ಬಿಚ್ಚೋಕೆ ಶುರು ಮಾಡಿದೆವು.